ಮುಂದಿನ ಸೀಟಿನ ನೆಂಟ

ನಮ್ಮ ಊರಿನ ರಸ್ತೆಗಳು ಊರವರನ್ನು ಲೆಕ್ಕಕ್ಕಿಡುವುದಿಲ್ಲ. ಪರಊರಿನವರು ಬಂದರೆ ಮಾತ್ರ ಮರ್ಯಾದೆಯಿಂದ ದಾರಿ ಬಿಡುತ್ತವೆ. ಬಸ್ಸಿನಿಂದ ಈಗಷ್ಟೇ ಇಳಿದ ನೂಲಿನ ವ್ಯಾಪಾರಿಯೊಬ್ಬ ಜವಳಿ ಪೇಟೆಗೆ ಹೋಗಬೇಕು ಎಂದುಕೊಂಡರೆ ಸಾಕು, ಹೆಜ್ಜೆ ಇಟ್ಟ ಓಣಿ ಅವನನ್ನು ಪೇಟೆಯ ಬಾಯಿಗೇ ಒಯ್ದು ಬಿಡುತ್ತದೆ. ಅದೇ ಪೇಟೆಯಲ್ಲಿ ಹುಟ್ಟಿ ಅಲ್ಲೇ ಅಂಗಡಿ ಇಟ್ಟವನು ಮಾತ್ರ ಬೆಳಿಗ್ಗೆ ಮನೆ ಬಿಟ್ಟರೆ ಒಂದು ದಿನ ಹಿಟ್ಟಿನ ಗಿರಣಿ ತಲುಪುತ್ತಾನೆ, ಒಂದು ದಿನ ಕೆರೆಯ ದಂಡೆ, ಒಂದು ದಿನ ಯಾರದೋ ಹಿತ್ತಲು.

ಇದಕ್ಕೆ ನಾವು ಹೊಂದಿಕೊಂಡಿದ್ದೇವೆ. ಮಕ್ಕಳು ಆ ದಿನ ಯಾವ ಶಾಲೆ ಎದುರಾಗುತ್ತದೋ ಅದರೊಳಗೆ ಹೋಗಿ ಕೂರುತ್ತಾರೆ. ಎಲ್ಲ ಶಾಲೆಯಲ್ಲೂ ಅದೇ ದಿನ ಅದೇ ಪಾಠ. ಮದುವೆಗಳಲ್ಲಿ ಪರಊರಿನ ಗಂಡಿನ ಕಡೆಯವರು ಮೊದಲೇ ಬಂದು ಚಹ ಕುಡಿದು ಹೆಣ್ಣಿನ ಕಡೆಯವರಿಗಾಗಿ ಕಾಯುತ್ತಾರೆ. ಅಂಚೆಯವನನ್ನು ಹೊರಗಿನಿಂದಲೇ ತರಿಸುತ್ತಾರೆ, ಹಳಬನಾಗುವ ಮೊದಲೇ ಬದಲಾಯಿಸುತ್ತಾರೆ. ಒಂದೇ ಒಂದು ಮಾತು ಮಾತ್ರ ನಮ್ಮವರ ಬಾಯಲ್ಲಿ ಬರುವುದಿಲ್ಲ: ದಾರಿ ಯಾವುದು ಎಂಬ ಮಾತು. ಹುಟ್ಟಿದ ಊರಿನಲ್ಲಿ ದಾರಿ ಕೇಳುವುದು ಹೆತ್ತ ತಾಯಿಯನ್ನು ನೀವು ಯಾರು ಎಂದು ಕೇಳಿದ ಹಾಗೆ. ದವಾಖಾನೆಗೆ ಹೊರಟವನು ದಾರಿ ತಪ್ಪಿ ನಿಮ್ಮ ಮನೆ ಬಾಗಿಲಿಗೆ ಬಂದು ನಿಂತರೆ, ‘ಭಾಳ ದಿನಾ ಆಗಿತ್ತಲ್ರಿ, ನೋಡಿ ಹೋಗೂಣು ಅಂತ ಬಂದೆ’ ಎನ್ನುತ್ತಾನೆ. ನೀವೂ ಅವನ ಸುಡುವ ಹಣೆಯನ್ನು ನೋಡದವರಂತೆ ಅವಲಕ್ಕಿ ಕಲಸಿಕೊಡುತ್ತೀರಿ.

ನಿಜಕ್ಕೂ ಎಲ್ಲಿಗಾದರೂ ಹೋಗಲೇಬೇಕಾದಾಗ ಕಾರಿನ ಮುಂದಿನ ಸೀಟಿನಲ್ಲಿ ಒಬ್ಬ ಪರಊರಿನವನನ್ನು ಕೂರಿಸಿಕೊಳ್ಳುತ್ತೇವೆ. ಅವನಿಗೆ ನೆಂಟ ಎನ್ನುತ್ತೇವೆ. ಅವನು ಎಚ್ಚರವಿದ್ದು, ‘ಹಿಂಗ ಹೋಗೂಣೇನ್ರಿ’ ಎಂದು ಕೈ ತೋರಿಸುತ್ತಿರಬೇಕು, ಅಷ್ಟೇ. ನೆಂಟರನ್ನು ಹಿಡಿದುಕೊಡುವುದಕ್ಕೆಂದೇ ಬಸ್‌ಸ್ಟ್ಯಾಂಡಿನಲ್ಲಿ ಬಾಬಣ್ಣ ಇದ್ದಾನೆ. ಆದರೆ ನೆಂಟರು ಬಾಳಿಕೆ ಬರುವುದಿಲ್ಲ. ಯಾವತ್ತು ಅವನು ಅಡುಗೆಮನೆಗೆ ಹೋಗಿ ಯಾರನ್ನೂ ಕೇಳದೆ ಹರವಿಯಿಂದ ತಾನೇ ನೀರು ಮೊಗೆದುಕೊಂಡು ಕುಡಿಯುತ್ತಾನೋ ಅವತ್ತಿಗೆ ಮುಗಿಯಿತು. ಅವನು ನಮ್ಮವನಾದ. ಮರುದಿನ ಅವನೂ ಗಿರಣಿಯ ಮುಂದೆ ನಿಂತು, ಸುಮ್ಮನೆ ಅಡ್ಡಾಡಲು ಬಂದೆ ಎನ್ನುತ್ತಾನೆ.

ನಮ್ಮ ಮನೆಯಲ್ಲಿ ನಾನು, ಅವ್ವ, ಮತ್ತು ಅಪ್ಪನ ತಂಗಿ ಪ್ರಮಿಳತ್ತೆ. ಅಪ್ಪ ತೀರಿಕೊಂಡ ಮೇಲೆ ಅವನ ಕಾರು ನನಗೆ ಬಂತು. ಪ್ರಮಿಳತ್ತೆಗೆ ಮದುವೆಯಾಗಲಿಲ್ಲ, ಆಗುವ ಆಸೆಯನ್ನೂ ಅವಳು ತೋರಿಸಲಿಲ್ಲ. ಅವಳಿಗೆ ಕೇರಂ ಇತ್ತು. ಪಡಸಾಲೆಯ ನಡುವೆ ಒಂದು ಬೋರ್ಡು, ಅದರ ಮೇಲೊಂದು ಜೋತುಬಿದ್ದ ಬಲ್ಬು, ಬೋರಿಕ್ ಪೌಡರಿನ ಡಬ್ಬಿ. ಅವಳ ಬೆರಳು ಸ್ಟ್ರೈಕರನ್ನು ತಾಕಿದ್ದು ಕಣ್ಣಿಗೆ ಕಾಣುತ್ತಿರಲಿಲ್ಲ, ಕಾಯಿ ಒಳಗೆ ಬಿದ್ದ ಸದ್ದು ಮಾತ್ರ ಕೇಳುತ್ತಿತ್ತು.

ಪ್ರತಿ ವರ್ಷ ನಮ್ಮ ಊರಿನ ಟೌನ್ ಹಾಲಿನಲ್ಲಿ ಕೇರಂ ಪಂದ್ಯ ನಡೆಯುತ್ತದೆ. ಹೊರಗಿನಿಂದ ಬಂದ ಆಟಗಾರರು ಹಗಲೆಲ್ಲ ಆಡಿ ಒಬ್ಬ ಉಳಿಯುತ್ತಾನೆ. ಸಂಜೆ ಅವನು ನಮ್ಮ ಊರಿನ ಆಟಗಾರರೊಬ್ಬರ ಜೊತೆ ಬಹುಮಾನದ ಕಪ್ಪಿಗಾಗಿ ಆಡಬೇಕು. ರೆಫರಿ ಊರಿನ ಆಟಗಾರರ ಹೆಸರನ್ನು ಮೂರು ಸಲ ಕೂಗುತ್ತಾನೆ. ಮೂರನೆಯ ಕೂಗಿಗೂ ಉತ್ತರ ಬರದಿದ್ದರೆ ಕಪ್ಪು ಆಡದೆಯೇ ಹೊರಗಿನವನ ಪಾಲು. ಊರಿನ ಆಟಗಾರ್ತಿ ಎಂದರೆ ಪ್ರಮಿಳತ್ತೆ. ಅವಳು ಒಂದು ವರ್ಷವೂ ಆ ಹಾಲನ್ನು ತಲುಪಿರಲಿಲ್ಲ. ಪಂದ್ಯದ ದಿನ ಊರಿನಲ್ಲಿರುವ ನೆಂಟರೆಲ್ಲ ಆಟ ನೋಡಲು ಹೋಗಿಬಿಡುತ್ತಾರೆ. ಒಂದು ಸಲ ಮೊದಲೇ ಹೇಳಿ ಇಟ್ಟುಕೊಂಡಿದ್ದ ನೆಂಟ ಅರ್ಧ ದಾರಿಯಲ್ಲಿ ನಿದ್ದೆ ಹೋದ. ಮತ್ತೊಂದು ಸಲ ಇನ್ನೇನು ಹೊರಡಬೇಕು ಎನ್ನುವಾಗ ನೆಂಟ ಬಾಯಾರಿತೆಂದು ಸೀದಾ ಹರವಿಗೆ ಕೈ ಹಾಕಿದ.

ಕಪ್ಪು ಗೆದ್ದವನು ಮರುದಿನ ನಮ್ಮ ಮನೆ ಹುಡುಕಿಕೊಂಡು ಬರುವುದು ವಾಡಿಕೆಯಾಗಿತ್ತು. ಪರಊರಿನವನು, ಅವನಿಗೇನು, ದಾರಿ ಸಿಗುತ್ತದೆ. ಸಂಕೋಚದಿಂದ ಕಪ್ಪನ್ನು ಕಟ್ಟೆಯ ಮೇಲಿಟ್ಟು ಅತ್ತೆಯ ಜೊತೆ ಒಂದಾಟ ಆಡುತ್ತಿದ್ದ. ಸೋಲುತ್ತಿದ್ದ. ಕಪ್ಪು ಎತ್ತಿಕೊಂಡು ಬಸ್ಸು ಹತ್ತುತ್ತಿದ್ದ. ಈಚಿನ ವರ್ಷಗಳಲ್ಲಿ ಹಾಗೆ ಬಂದು ಸೋತು ಹೋಗುತ್ತಿದ್ದವನು ಶೇಷಗಿರಿ ಎಂಬ ಒಬ್ಬನೇ. ಹೋದ ವರ್ಷ ಅವನೇ ಒಂದು ಸುದ್ದಿ ತಂದ. ಪಂದ್ಯ ನಡೆಸುವವರು ಇನ್ನೊಂದು ವರ್ಷ ನೋಡಿ ಅದನ್ನು ಬೇರೆ ಊರಿಗೆ ಒಯ್ಯುತ್ತಾರಂತೆ. ಇಲ್ಲಿಯವರಿಗೆ ಆಟದಲ್ಲಿ ಆಸಕ್ತಿಯೇ ಇಲ್ಲವಂತೆ.

‘ಆಸಕ್ತಿ ಇಲ್ಲಂತ?’ ಅತ್ತೆ ಕೇಳಿದಳು.

‘ಹಂಗ ಬರ್ಕೊಂಡಾರ್ರಿ ಅಕ್ಕಾರ. ನಾ ಏನ್ ಮಾಡ್ಲಿ.’

ಅವತ್ತು ಅತ್ತೆ ಊಟ ಮಾಡಲಿಲ್ಲ. ಬೋರ್ಡಿನ ಮೇಲೆ ಒಂಟಿ ಕಾಯಿಯಿಟ್ಟು ಅದನ್ನು ಹೊಡೆಯದೆ ಸುಮ್ಮನೆ ನೋಡುತ್ತ ಕೂತಿದ್ದಳು. ನಾನು ಆ ಮುಖವನ್ನು ವರ್ಷವಿಡೀ ತಲೆಯಲ್ಲಿಟ್ಟುಕೊಂಡು ತಿರುಗಿದೆ. ಆಮೇಲೆ ಬಸ್ಸು ಹತ್ತಿ ಜಿಲ್ಲೆಯ ಪೇಟೆಗೆ ಹೋಗಿ ಒಂದು ಸಣ್ಣ ಟ್ಯಾಬ್ ತಂದೆ.

ನಮ್ಮ ಫೋನುಗಳಲ್ಲೂ ನಕ್ಷೆಗಳಿದ್ದವು. ಆದರೆ ಅವು ನಮ್ಮ ಜೇಬುಗಳಲ್ಲೇ ಬೆಳೆದವು, ನಮ್ಮಷ್ಟೇ ಅಡ್ಡಾಡಿಗಳು. ಈ ಟ್ಯಾಬ್ ನಮ್ಮ ಊರಿನ ಗಾಳಿಯನ್ನೂ ಕುಡಿದಿರಲಿಲ್ಲ. ಅಂಗೈಗಿಂತ ಸ್ವಲ್ಪ ದೊಡ್ಡದು, ಹಿಂದೆ ಬೂದು ಬಣ್ಣ. ಅದನ್ನು ಕಾರಿನ ಮುಂದಿನ ಗಾಜಿಗೆ ಅಂಟಿಸಲು ಒಂದು ರಬ್ಬರಿನ ಹಿಡಿಕೆ. ದಾರಿ ಹೇಳುವ ಹೆಣ್ಣಿನ ದನಿ ಎಲ್ಲಿಯದೋ ಬೇರೆ ಊರಿನದು, ಪುಸ್ತಕ ಓದಿದ ಹಾಗೆ ಮಾತಾಡುತ್ತಿತ್ತು. ಅದರೊಳಗಿದ್ದ ನಮ್ಮ ಊರಿನ ನಕ್ಷೆಯನ್ನು ಯಾರೋ ಇಲ್ಲಿಗೆ ಬಾರದವರೇ ಅಂದಾಜಿನ ಮೇಲೆ ಬರೆದಿದ್ದರು. ಎಲ್ಲ ಓಣಿಗಳೂ ನೆಟ್ಟಗಿದ್ದವು. ನನಗೆ ಬೇಕಾಗಿದ್ದು ಅದೇ.

ಮೊದಲ ದಿನ ಅದನ್ನು ಅಂಟಿಸಿ ಹಲ್ಲಿನ ಡಾಕ್ಟರರ ಹೆಸರು ಒತ್ತಿದೆ. ಬಾಬಣ್ಣ ಬಸ್‌ಸ್ಟ್ಯಾಂಡಿನ ಕಂಬಕ್ಕೆ ಒರಗಿ ನಿಂತು ನೋಡುತ್ತಿದ್ದ.

‘ಏನೋ ವಿಲಾಸ, ನೆಂಟನ್ನ ಗಾಜಿಗೆ ಮೆತ್ತೀ?’

‘ಹೌದು ಕಾಕಾ. ಇದಕ್ಕ ನಿದ್ದಿ ಬರಂಗಿಲ್ಲ.’

‘ನಿದ್ದಿ ಬರಂಗಿಲ್ಲ, ಖರೆ. ಬುದ್ಧೀನೂ ಬರಂಗಿಲ್ಲ.’ ಅವನು ಪಕ್ಕದವರ ಕಡೆ ತಿರುಗಿದ. ‘ಸಂಜಿಗೆ ಕೆರಿ ದಂಡಿಗೆ ಕೂತಿರ್ತಾನ, ನೋಡಾಕ ಹೋಗೂಣು ಬರ್ರಿ. ದಾರಿ ಸಿಕ್ರ.’

ಎಣ್ಣೆ ಗಾಣದ ಗೋಡೆಯೆದುರು ಬಂದಾಗ ದನಿ ಹೇಳಿತು: ‘ಎಡಕ್ಕೆ ತಿರುಗಿ.’ ಎಡಕ್ಕೆ ಗೋಡೆ. ನಾನು ಉಸಿರು ಹಿಡಿದು ಸ್ಟೀರಿಂಗ್ ತಿರುಗಿಸಿದೆ. ಗೋಡೆ ಪಕ್ಕಕ್ಕೆ ಸರಿಯಿತು ಎಂದರೆ ಸುಳ್ಳಾದೀತು. ಅಲ್ಲಿ ಮೊದಲಿನಿಂದಲೂ ಓಣಿಯೇ ಇತ್ತು ಎನ್ನುವಂತಿತ್ತು. ಹಗ್ಗದ ಮೇಲೆ ಬಟ್ಟೆ ಒಣಗುತ್ತಿದ್ದವು, ಮುದುಕಿಯೊಬ್ಬಳು ಮೆಣಸಿನಕಾಯಿ ತೊಟ್ಟು ಮುರಿಯುತ್ತಿದ್ದಳು. ಆಚೆ ತುದಿಯಲ್ಲಿ ಹಲ್ಲಿನ ಡಾಕ್ಟರರ ಬೋರ್ಡು. ಡಾಕ್ಟರರು ಹೊರಗೆ ಬಂದು, ಇಷ್ಟು ವರ್ಷಗಳಲ್ಲಿ ಹಲ್ಲುನೋವಿಗಾಗಿಯೇ ಬಂದ ಮೊದಲ ಊರಿನವನು ನೀನು ಎಂದು ನನ್ನ ಕೈ ಕುಲುಕಿದರು. ನನ್ನ ಹಲ್ಲು ನೋಯುತ್ತಿರಲಿಲ್ಲ. ಆದರೂ ಬಾಯಿ ತೆರೆದೆ.

ಆಮೇಲಿನ ದಿನಗಳು ಹಬ್ಬ. ಯಾರಿಗೆ ಎಲ್ಲಿಗೆ ಹೋಗಬೇಕೋ ಅಲ್ಲಿಗೆ ಒಯ್ದೆ. ಒಬ್ಬರನ್ನೊಬ್ಬರು ಮದುವೆಯಲ್ಲಿ ನೋಡಿದ್ದೇ ಕೊನೆಯಾಗಿದ್ದ ಅಕ್ಕತಂಗಿಯರನ್ನು ಎದುರುಬದುರು ಕೂರಿಸಿದೆ. ಬಾಬಣ್ಣ ನನ್ನನ್ನು ಕಂಡರೆ ಬೀಡಿ ಹೊಸಕಿ ಮುಖ ತಿರುಗಿಸುವುದಕ್ಕೆ ಶುರುಮಾಡಿದ. ನಾನು ಟ್ಯಾಬನ್ನು ಬಹುವಚನದಲ್ಲೇ ಮಾತಾಡಿಸುತ್ತಿದ್ದೆ, ಮನೆಯೊಳಗೆ ತರುತ್ತಿರಲಿಲ್ಲ, ಕಾರಿನಲ್ಲೇ ಬೀಗ ಹಾಕಿಡುತ್ತಿದ್ದೆ. ಅವ್ವನಿಗೆ ಅದೊಂದು ಸಂಕಟ.

‘ಬಂದ ನೆಂಟರನ್ನ ಹೊರಗ ಮಲಗಸ್ತಾರೇನೋ? ಮಂದಿ ಏನಂದಾರು?’

‘ಅವ್ವಾ, ಅದು ಮಷೀನು.’

‘ಮಾತಾಡ್ತೈತಲ್ಲಪಾ. ಅದೂ ಎಷ್ಟ ನಯವಾಗಿ.’

ಪಂದ್ಯದ ದಿನ ಬಂತು. ಅತ್ತೆ ಗಿಳಿಹಸಿರು ಸೀರೆ ಉಟ್ಟು, ಸ್ಟ್ರೈಕರನ್ನು ಕರವಸ್ತ್ರದಲ್ಲಿ ಸುತ್ತಿ ಸೊಂಟಕ್ಕೆ ಸಿಕ್ಕಿಸಿಕೊಂಡು, ಹಿಂದಿನ ಸೀಟಿನಲ್ಲಿ ಕೂತಳು. ಅವಳ ಪಕ್ಕ ಅವ್ವ, ತೊಡೆಯ ಮೇಲೆ ಬುತ್ತಿ. ಸಂಜೆಗೆ ಇನ್ನೂ ಬೇಕಾದಷ್ಟು ಹೊತ್ತಿತ್ತು. ಟ್ಯಾಬಿನ ಹಣೆಯ ಮೇಲೆ ಕುಂಕುಮ ಕಂಡು ನಾನು ನಕ್ಕೆ. ಟೌನ್ ಹಾಲ್ ಎಂದು ಒತ್ತಿದೆ. ‘ಇನ್ನೂರು ಮೀಟರಿನಲ್ಲಿ ಬಲಕ್ಕೆ ತಿರುಗಿ’ ಎಂದಿತು ದನಿ.

ಬಲಕ್ಕೆ ಹಂಚಿನ ಕಾರ್ಖಾನೆಯ ಗೋಡೆ. ತಿರುಗಿಸಿದೆ. ಗೋಡೆ ಗೋಡೆಯಾಗಿಯೇ ಇತ್ತು. ಬ್ರೇಕು ಹಾಕದಿದ್ದರೆ ಬಂಪರು ನಜ್ಜುಗುಜ್ಜಾಗುತ್ತಿತ್ತು.

‘ದಾರಿ ಮತ್ತೆ ಹುಡುಕಲಾಗುತ್ತಿದೆ’ ಎಂದಿತು. ಮುಂದೆ ಹೋದೆ. ಎಡಕ್ಕೆ ಎಂದಿತು, ಎಡಕ್ಕೆ ಹೊರಳಿದ ರಸ್ತೆ ಆಕಳಿಸಿದಂತೆ ಬಾಗಿ ನಮ್ಮನ್ನು ನಮ್ಮದೇ ಮನೆಯ ಮುಂದೆ ತಂದು ನಿಲ್ಲಿಸಿತು. ‘ನೀವು ಮನೆ ತಲುಪಿದ್ದೀರಿ’ ಎಂದು ದನಿ ಖುಷಿಯಿಂದ ಹೇಳಿತು.

ಮನೆ. ನಾನು ಅದಕ್ಕೆ ಮನೆಯನ್ನು ಹೇಳಿಕೊಟ್ಟಿರಲಿಲ್ಲ. ಪರದೆಯನ್ನು ನೋಡಿದೆ. ನಮ್ಮ ಮನೆಯ ಮೇಲೆ ಪುಟ್ಟ ಮನೆಯ ಗುರುತು. ಮೂಲೆಯಲ್ಲಿ, ನಮ್ಮ ಮನೆಯ ವೈಫೈ ಹಿಡಿದುಕೊಂಡ ಗುರುತು. ಯಾರನ್ನೂ ಕೇಳದೆ, ತಾನೇ ಮೊಗೆದುಕೊಂಡಂತೆ.

‘ಅವ್ವಾ,’ ನಾನು ಹಿಂದೆ ತಿರುಗಲಿಲ್ಲ. ‘ಇದನ್ನ ಒಳಗ ಒಯ್ದಿದ್ದೇನು?’

ಅವ್ವ ಬುತ್ತಿಯ ಗಂಟನ್ನು ಬಿಚ್ಚಿ ಮತ್ತೆ ಕಟ್ಟಿದಳು. ‘ಮುಂಜಾನಿ, ನಿನ್ನ ಕೀಲಿ ತಗೊಂಡು. ಚಾರ್ಜ್ ಕಡಿಮಿ ಐತಿ ಅಂತ ಕೆಂಪಗ ತೋರಸಾಕತ್ತಿತ್ತು. ಹೊಟ್ಟಿ ಹಸಿದವರನ್ನ ಹಂಗ ಬಿಡೂದೇನು? ದೇವರ ಮಾಡದಾಗ ಚಾರ್ಜಿಗೆ ಹಚ್ಚಿಟ್ಟೆ. ಕುಂಕುಮ ಇಟ್ಟೆ. ಆವಾಗ ಅದು ಕೇಳ್ತು.’

‘ಏನ್ ಕೇಳ್ತು?’

‘ಇದನ್ನು ನಿಮ್ಮ ಮನೆ ಎಂದು ಉಳಿಸಬೇಕೆ, ಅಂತ. ಹೌದು, ಇಲ್ಲ, ಅಂತ ಎರಡ ಬಂದೂ.’ ಅವಳ ದನಿ ಸಣ್ಣದಾಯಿತು. ‘ಬಾಗಲಕ್ಕ ಬಂದವರು ಇದು ನನ್ನ ಮನಿ ಏನು ಅಂತ ಕೇಳಿದ್ರ ಇಲ್ಲ ಅನ್ನೂದು ಹ್ಯಾಂಗಪಾ?’

ಗುರುತನ್ನು ಅಳಿಸಿದೆ. ವೈಫೈ ತೆಗೆದೆ. ಟ್ಯಾಬನ್ನು ಆರಿಸಿ ಮತ್ತೆ ಹೊತ್ತಿಸಿದೆ. ರಸ್ತೆಗಳೇನು ಮೂರ್ಖರೇ? ಕುಡಿದ ನೀರನ್ನು ಯಾರಾದರೂ ಹರವಿಗೆ ವಾಪಸು ಹಾಕಲಾದೀತೇ? ನಾವು ಗಿರಣಿ ತಲುಪಿದೆವು. ಕೆರೆ ತಲುಪಿದೆವು. ಮತ್ತೆ ಮನೆ ತಲುಪಿದೆವು. ಬಿಸಿಲು ಗೋಡೆಗಳಿಂದ ಮೇಲಕ್ಕೆ ಸರಿಯತೊಡಗಿತು. ಈಗ ರೆಫರಿ ಎದ್ದು ನಿಂತು ಗಂಟಲು ಸರಿಮಾಡಿಕೊಳ್ಳುತ್ತಿರಬಹುದು ಎನ್ನಿಸಿ ನಾನು ಮತ್ತೆ ಕಾರು ಹೊರಳಿಸಿದೆ. ಅವ್ವ ಸೆರಗಿನಲ್ಲಿ ಕಣ್ಣೊರೆಸಿಕೊಂಡಳು. ಅತ್ತೆ ಮಾತ್ರ ಟ್ಯಾಬಿನ ಕಡೆ ನೋಡುತ್ತಿದ್ದಳು.

‘ದಾರಿ ಗೊತ್ತಾಗುತ್ತಿಲ್ಲ’ ಎಂದಿತು ದನಿ. ಸ್ವಲ್ಪ ಹೊತ್ತಿನ ಮೇಲೆ ಮತ್ತೆ, ಅಷ್ಟೇ ನಯವಾಗಿ, ‘ದಾರಿ ಗೊತ್ತಾಗುತ್ತಿಲ್ಲ.’

‘ಕೇಳಿದ್ಯಾ?’ ಅತ್ತೆ ಅಂದಳು. ‘ಎಷ್ಟ ಆರಾಮ ಹೇಳ್ತೈತಿ ನೋಡು. ಒಂದೀಟೂ ನಾಚಿಕಿಲ್ಲ.’

‘ಅತ್ತಿ, ನಾ ಇನ್ನೊಂದ ಸಲ...’

‘ನಿಲ್ಲಸು.’

ನಿಲ್ಲಿಸಿದೆ. ಅವಳು ಇಳಿದು ಬಂದು ಮುಂದಿನ ಬಾಗಿಲು ತೆಗೆದು ನನ್ನ ಪಕ್ಕದಲ್ಲಿ, ನೆಂಟರ ಸೀಟಿನಲ್ಲಿ ಕೂತಳು. ಊರಿನವರು ಯಾರೂ ಅಲ್ಲಿ ಕೂತಿದ್ದನ್ನು ನಾನು ಕಂಡಿರಲಿಲ್ಲ. ಹಿಂದಿನಿಂದ ಅವ್ವ, ‘ಏ ಪ್ರಮಿಳಾ, ಏನಿದು’ ಎಂದಳು. ಅತ್ತೆ ಕಿಟಕಿಯ ಗಾಜನ್ನು ಪೂರ್ತಿ ಇಳಿಸಿದಳು. ನಾವು ನಿಂತದ್ದು ಬಸ್‌ಸ್ಟ್ಯಾಂಡಿನೆದುರು. ಕಂಬಕ್ಕೆ ಒರಗಿ ಬಾಬಣ್ಣ ಬೀಡಿ ಸೇದುತ್ತಿದ್ದ.

‘ಏನ್ರಿ ಯಜಮಾನ್ರ,’ ಅತ್ತೆ ಕರೆದಳು. ‘ಇಲ್ಲೆ ಟೌನ್ ಹಾಲಿಗೆ ಹ್ಯಾಂಗ ಹೋಗಬೇಕ್ರಿ? ನಮಗ ದಾರಿ ಗೊತ್ತಿಲ್ಲ.’

ಕಡಲೆಕಾಯಿ ಮಾರುವವಳು ತೂಗುತ್ತಿದ್ದ ತಕ್ಕಡಿಯನ್ನು ಹಾಗೆಯೇ ಹಿಡಿದಳು. ಬಾಬಣ್ಣ ಅತ್ತೆಯನ್ನು ಚಿಕ್ಕ ಹುಡುಗಿಯಾಗಿದ್ದಾಗಿನಿಂದ ಬಲ್ಲವನು. ಅವನು ಅವಳನ್ನು ನೋಡಿದ, ನನ್ನನ್ನು ನೋಡಿದ, ಗಾಜಿಗೆ ಅಂಟಿದ್ದ ಟ್ಯಾಬನ್ನು ನೋಡಿದ. ಅವನ ವ್ಯಾಪಾರವನ್ನು ಮಣ್ಣು ಮಾಡಿದ ಟ್ಯಾಬು. ಒಂದು ಮಾತು ಸಾಕಿತ್ತು ಅವನಿಗೆ: ಏನವಾ ಪ್ರಮಿಳಾ, ಹುಟ್ಟಿದೂರಾಗ ದಾರಿ ತಪ್ಪೇನು? ಊರೆಲ್ಲ ನಗುತ್ತಿತ್ತು. ನಾವು ಅಲ್ಲಿಗೇ ಮುಗಿಯುತ್ತಿದ್ದೆವು.

ಅವನು ಬೀಡಿ ಕೆಳಗೆ ಹಾಕಿ ಚಪ್ಪಲಿಯಿಂದ ತಿಕ್ಕಿದ. ಕಾರಿನ ಹತ್ತಿರ ಬಂದು ಬಾಗಿದ. ಬಸ್ಸಿನಿಂದ ಇಳಿದವರಿಗೆ ಮಾತ್ರ ಅವನು ಬಳಸುವ ಸಕ್ಕರೆಯ ದನಿಯಲ್ಲಿ ಕೇಳಿದ: ‘ಯಾವೂರಿಂದ ಬಂದ್ರಿ ಅಕ್ಕಾರ?’

‘ಭಾಳ ದೂರಿಂದ್ರಿ.’

‘ದೂರಿಂದ ಬಂದವರನ್ನ ತಡಿಯೂದು ಪಾಪ.’ ಅವನು ಕೈ ಚಾಚಿದ. ‘ಹಿಂಗ ಸೀದಾ ಹೋಗ್ರಿ. ಚಿಂಚಖಂಡಿಯವರ ಗೋದಾಮು ಬರತೈತಿ. ಅದರ ನಟ್ಟನಡುವ ಬಲಕ್ಕ ಹೊಳ್ರಿ.’ ಆಮೇಲೆ ತನ್ನದೇ ಒರಟು ದನಿಯಲ್ಲಿ ಸೇರಿಸಿದ: ‘ನಾನೂ ನೋಡಿಲ್ಲ ಆ ಹಾಲು. ಹ್ಯಾಂಗೈತಿ ಅಂತ ಹೇಳ್ರಿ.’

ಗೋದಾಮಿನ ನಟ್ಟನಡುವೆ ಯಾವ ದಾರಿಯೂ ಇರಲಿಲ್ಲವೆಂದು ಅವನಿಗೂ ಗೊತ್ತು, ನನಗೂ ಗೊತ್ತು. ನಾನು ಬಲಕ್ಕೆ ತಿರುಗಿಸಿದೆ. ದಾರಿ ಇತ್ತು. ಎರಡು ಬದಿಗೆ ಹತ್ತಿ ತುಂಬಿದ ಅಂಡಿಗೆಗಳು, ನಡುವೆ ಗುಡಿಸಿ ನೀರು ಹಾಕಿದ ಹಾಗೆ ಚೊಕ್ಕಟವಾದ ರಸ್ತೆ. ನೆಂಟರಿಗೆ ಕೊಟ್ಟ ಮಾತಲ್ಲವೇ, ರಸ್ತೆ ಅದನ್ನು ನಡೆಸಿಕೊಟ್ಟಿತು.

ಅದು ಮುಗಿದಲ್ಲಿ ಕ್ಷೌರದ ಅಂಗಡಿ. ಅತ್ತೆ ಕೇಳಿದಳು. ಕ್ಷೌರಿಕ ದತ್ತೂ ಗಿರಾಕಿಯ ಅರ್ಧ ಗಡ್ಡವನ್ನು ಬಿಟ್ಟು ಹೊರಗೆ ಬಂದ. ದಾರಿ ತಪ್ಪಿ ನಮ್ಮ ಮನೆಗೆ ಬಂದಾಗಲೆಲ್ಲ ಉಂಡು ಹೋಗುವವನು. ‘ಹೊಸಬರು ಕಾಣ್ತೀರಿ,’ ಅಂದ, ಕತ್ತಿಯಿಂದಲೇ ದಿಕ್ಕು ತೋರಿಸಿದ. ಮುಂದೆ ಅವ್ವನ ಭಜನೆಯ ಗೆಳತಿಯರು ಕಟ್ಟೆಯ ಮೇಲೆ ಕೂತಿದ್ದರು. ಒಬ್ಬಳು ಎಡಕ್ಕೆ ಎಂದಳು, ಇನ್ನೊಬ್ಬಳು ಬಲಕ್ಕೆ ಎಂದಳು. ಅವರ ಜಗಳ ಮುಗಿಯುವವರೆಗೆ ಎದುರಿನ ರಸ್ತೆ ಕಾಯುತ್ತ ನಿಂತಿತ್ತು. ‘ಹಿಂದ ಕೂತಾಕಿ ಯಾರ್ರೀ, ನಮ್ಮ ಸುಲೋಚನಾನ ಹಂಗ ಕಾಣ್ತಾಳ,’ ಎಂದು ಒಬ್ಬಳು ಕಣ್ಣು ಮಿಟುಕಿಸಿದಳು. ಅವ್ವ ಗಂಭೀರವಾಗಿ, ‘ಅಲ್ಲರಿ, ನಾವು ನಿಮ್ಮೂರವರಲ್ಲ,’ ಎಂದು ಸೆರಗು ಹೊದ್ದಳು. ಅವಳ ಭುಜ ನಗುವಿನಿಂದ ಕುಣಿಯುತ್ತಿತ್ತು.

ಸುದ್ದಿ ನಮಗಿಂತ ಮುಂದೆ ಓಡಿತ್ತು. ಓಣಿ ಓಣಿಯಲ್ಲೂ ಜನ ಬಾಗಿಲಿಗೆ ಬಂದು ನಿಂತು, ಅತ್ತೆ ಕೇಳುವ ಮೊದಲೇ ಕೈ ಚಾಚುತ್ತಿದ್ದರು. ಯಾರಿಗೂ ಟೌನ್ ಹಾಲು ಎಲ್ಲಿದೆಯೆಂದು ಗೊತ್ತಿರಲಿಲ್ಲ. ಎಲ್ಲರೂ ಹೇಳಿದ್ದು ಸುಳ್ಳು, ಎಲ್ಲವೂ ನಿಜವಾಗುತ್ತಿತ್ತು. ಪರದೆಯ ಮೇಲೆ ಯಾವ ನಕ್ಷೆಯಲ್ಲೂ ಇಲ್ಲದ ಜಾಗದಲ್ಲಿ ನೀಲಿ ಗೆರೆಯೊಂದು ನಮ್ಮ ಹಿಂದೆಯೇ ಎಳೆದುಕೊಂಡು ಬರುತ್ತಿತ್ತು. ‘ನಿಮ್ಮ ಸ್ಥಳ ಬಲಗಡೆ ಇದೆ’ ಎಂದಿತು ದನಿ. ಟೌನ್ ಹಾಲ್ ಎಡಗಡೆ ಇತ್ತು. ಎತ್ತರದ ಮೆಟ್ಟಿಲು, ಹಳದಿ ಕಂಬಗಳು, ಒಳಗಿನಿಂದ ರೆಫರಿಯ ಕೂಗು: ‘ಪ್ರಮಿಳಾ ಹುಲಕುಂದ. ಎರಡನೇ ಸಲ.’

ಅತ್ತೆ ಓಡಲಿಲ್ಲ. ಸೀರೆಯ ನಿರಿಗೆ ಸರಿಮಾಡಿಕೊಂಡು ಮೆಟ್ಟಿಲು ಹತ್ತಿದಳು. ರೆಫರಿ ಮೂರನೆಯ ಸಲಕ್ಕೆ ಬಾಯಿ ತೆರೆದು, ಮೊದಲೇ ಸೋತವರ ಹೆಸರು ಓದುವವನ ಬೇಸರದಲ್ಲಿ, ‘ಪ್ರಮಿಳಾ ಹುಲಕುಂದ’ ಎಂದ.

‘ಬಂದೀನ್ರಿ,’ ಎಂದಳು ಅತ್ತೆ.

ಬೋರ್ಡಿನ ಆಚೆ ಕೂತಿದ್ದ ಶೇಷಗಿರಿ ತಲೆಯೆತ್ತಿ ನೋಡಿದ. ಅವನ ಮುಖದಲ್ಲಿ ಭಯ ಕಾಣಿಸಿತು, ಅದರ ಹಿಂದೆಯೇ ಸಮಾಧಾನ. ಹೊತ್ತ ಭಾರವನ್ನು ಯಾರೋ ಇಳಿಸಿಕೊಳ್ಳಲು ಬಂದಂತೆ. ‘ಬರ್ರಿ ಅಕ್ಕಾರ,’ ಅಂದ.

ಆಟ ಶುರುವಾಯಿತು. ಶೇಷಗಿರಿ ಕೆಟ್ಟ ಆಟಗಾರನಲ್ಲ. ಅವನು ಮೊದಲ ಸರದಿಯಲ್ಲೇ ಬಿಳಿ ಕಾಯಿಗಳನ್ನು ಸಾಲಾಗಿ ಒಳಗೆ ಹಾಕಿ ಸಭಾಂಗಣದ ತುಂಬ ಚಪ್ಪಾಳೆ ಗಿಟ್ಟಿಸಿದ. ಕೂತಿದ್ದವರೆಲ್ಲ ಹೊರಗಿನವರು. ನಮ್ಮ ಕಡೆಗೆ ನಾನು ಮತ್ತು ಅವ್ವ ಇಬ್ಬರೇ. ಅತ್ತೆ ಮೊದಲ ಹೊಡೆತ ತಪ್ಪಿದಳು. ಅವಳು ತಪ್ಪಿದ್ದನ್ನು ನಾನು ಅದೇ ಮೊದಲು ನೋಡಿದ್ದು. ಎತ್ತರದ ಸೂರು, ಬೇರೆಯ ಬೆಳಕು, ಗುರುತಿಲ್ಲದ ಮುಖಗಳು. ಶೇಷಗಿರಿ ಮುಂದಿನ ಸರದಿಯಲ್ಲಿ ಎರಡೇ ಕಾಯಿ ಉಳಿಸಿಕೊಂಡು ತಪ್ಪಿದ.

ಆಗ ಬಾಗಿಲಲ್ಲಿ ಒಂದು ದನಿ ಕೇಳಿಸಿತು. ‘ಟೌನ್ ಹಾಲು ಇದ ಏನ್ರಿ?’

ಕಾವಲುಗಾರ ಹೌದೆಂದ. ಬಾಬಣ್ಣ ಚಪ್ಪಲಿ ಕಳಚಿ ಒಳಗೆ ಬಂದ, ಸೂರನ್ನು ನೋಡಿದ, ಹಿಂದಿನ ಸಾಲಿನಲ್ಲಿ ಕೂತ. ಅವನ ಹಿಂದೆ, ‘ಇಲ್ಲೆ ಟೌನ್ ಹಾಲು ಎಲ್ಲೈತ್ರಿ?’ ಎಂದು ದತ್ತೂ ಬಂದ, ಜೊತೆಗೆ ಅವನ ಅರ್ಧ ಗಡ್ಡದ ಗಿರಾಕಿ. ಭಜನೆಯ ಹೆಂಗಸರು ಬಂದರು. ಕಡಲೆಕಾಯಿಯವಳು ತಕ್ಕಡಿ ಸಮೇತ ಬಂದಳು. ಒಬ್ಬರನ್ನೊಬ್ಬರು ದಾರಿ ಕೇಳುತ್ತ, ಒಬ್ಬರಿಗೊಬ್ಬರು ಸುಳ್ಳು ಹೇಳುತ್ತ ಅವರೆಲ್ಲ ನಡೆದು ಬಂದಿದ್ದರು. ಹಿಟ್ಟಿನ ಗಿರಣಿಯವನ ಮೈಮೇಲಿನ ಹಿಟ್ಟು ಇನ್ನೂ ಹಾಗೇ ಇತ್ತು. ‘ಇದ ಏನ್ರಿ, ಇದ ಏನ್ರಿ’ ಎಂಬ ಮಾತು ಮೆಟ್ಟಿಲ ಮೇಲೆ ನಿಲ್ಲಲೇ ಇಲ್ಲ. ಕಾವಲುಗಾರ ಉತ್ತರ ಹೇಳಿ ಹೇಳಿ ಸೋತು ಬಾಗಿಲನ್ನು ಪೂರ್ತಿ ತೆರೆದಿಟ್ಟ.

ಅತ್ತೆ ತಲೆಯೆತ್ತಿ ಎಲ್ಲರನ್ನೂ ಒಮ್ಮೆ ನೋಡಿದಳು. ಆಮೇಲೆ ಬೋರ್ಡನ್ನು ನೋಡಿದಳು. ಅವಳ ಕೈ ನಮ್ಮ ಪಡಸಾಲೆಯಲ್ಲಿ ಹೇಗಿರುತ್ತಿತ್ತೋ ಹಾಗಾಯಿತು. ಒಂದು ಕರಿಕಾಯಿ ಹೋಯಿತು. ಇನ್ನೊಂದು ಹೋಯಿತು. ಮೂಲೆಗೆ ಅಂಟಿದ್ದ ಕಾಯಿಯೊಂದು ಬೋರ್ಡಿನ ಎದುರು ಅಂಚಿಗೆ ಬಡಿದ ಸ್ಟ್ರೈಕರಿನಿಂದ ಜಾರಿ ಒಳಗೆ ಬಿತ್ತು. ಶೇಷಗಿರಿ ಕುರ್ಚಿಯ ಬೆನ್ನಿಗೆ ಒರಗಿ ಪ್ರೇಕ್ಷಕನಾದ. ಕೆಂಪು ಹೋಯಿತು. ಅದರ ಬೆನ್ನಿಗೇ ಕೊನೆಯ ಕರಿಕಾಯಿ ಹೋಯಿತು. ಸರದಿ ಅವನಿಗೆ ಮತ್ತೆ ಬರಲೇ ಇಲ್ಲ.

ಸದ್ದು ಇಳಿಯುವುದಕ್ಕೆ ಬಹಳ ಹೊತ್ತು ಬೇಕಾಯಿತು. ರೆಫರಿ ಕಪ್ಪನ್ನು ಎತ್ತಿ ಹಿಡಿದು, ಗೆದ್ದವರನ್ನು ಘೋಷಿಸಲು ಮೈಕಿನ ಮುಂದೆ ಬಗ್ಗಿ, ಇಷ್ಟು ವರ್ಷಗಳ ರೂಢಿಯಂತೆ ಕೇಳಿದ: ‘ಎಷ್ಟು ದೂರಿಂದ ಬಂದೀರಿ ಅಕ್ಕಾರ? ಯಾವೂರು?’

ಅತ್ತೆ ಕಪ್ಪನ್ನು ಸೊಂಟಕ್ಕೆ ಬಿಂದಿಗೆ ಇಟ್ಟುಕೊಂಡಂತೆ ಇಟ್ಟುಕೊಂಡಳು. ಹಾಲಿನ ದೊಡ್ಡ ಕಿಟಕಿಯಾಚೆ ನೋಡಿದಳು. ನಾನೂ ನೋಡಿದೆ. ಒಂದು ಕಾಂಪೌಂಡು, ಅದರಾಚೆ ಒಂದು ಹಂಚಿನ ಮಾಡು, ಹಗ್ಗದ ಮೇಲೆ ಅವ್ವ ಬೆಳಿಗ್ಗೆ ಒಣಹಾಕಿದ ನನ್ನ ಪಟ್ಟೆಯ ಅಂಗಿ.

‘ಇದ ಊರ್ರಿ,’ ಎಂದಳು ಅತ್ತೆ ಮೈಕಿನೊಳಗೆ. ‘ಮಗ್ಗಲ ಓಣಿ.’